ಮೂರು ದಿನದ ನೀರು, ಮೂರು ದಿನದ ಅನ್ನ

2022ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಬೆಂಗಳೂರಿಗೆ ಬಿದ್ದ ಮಳೆ ನಿಮಗೆ ನೆನಪಿರಬಹುದು. ಬಡಾವಣೆಗಳ ಒಳಗೆ ದೋಣಿ ಓಡಿತು, ಜನ ಟ್ರ್ಯಾಕ್ಟರ್ ಹತ್ತಿ ಕೆಲಸಕ್ಕೆ ಹೋದರು. ಆ ಚಿತ್ರಗಳನ್ನು ನಾವೆಲ್ಲ ನೋಡಿದ್ದೇವೆ. ಅದೇ ಹೊತ್ತಿನಲ್ಲಿ ನಡೆದ ಇನ್ನೊಂದು ಸಂಗತಿ ಮಾತ್ರ ಅಷ್ಟಾಗಿ ಮನಸ್ಸಿನಲ್ಲಿ ಉಳಿಯಲಿಲ್ಲ. ಬೆಂಗಳೂರಿಗೆ ಕಾವೇರಿ ನೀರನ್ನು ಶುದ್ಧಮಾಡಿ ಮೇಲೆತ್ತಿ ಕಳಿಸುವ ಜಾಗ ಮಂಡ್ಯ ಜಿಲ್ಲೆ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿ. ಮಳೆಯ ನೀರು ಅಲ್ಲಿನ ಪಂಪ್‌ಹೌಸಿಗೆ ನುಗ್ಗಿ ಯಂತ್ರಗಳು ಮುಳುಗಿದವು. ನಗರದ ಎಷ್ಟೋ ಬಡಾವಣೆಗಳಿಗೆ ನೀರು ನಿಂತಿತು. ಬೀದಿಯಲ್ಲಿ ಮೊಣಕಾಲುದ್ದ ನೀರು, ನಲ್ಲಿಯಲ್ಲಿ ಒಂದು ಹನಿಯೂ ಇಲ್ಲ.

ಇದಾಗಿ ಎರಡು ವರ್ಷ ಕಳೆಯುವ ಮೊದಲೇ, 2024ರ ಮಾರ್ಚಿನಲ್ಲಿ, ಅದೇ ನಗರದ ಸಾವಿರಾರು ಕೊಳವೆಬಾವಿಗಳು ಬತ್ತಿ, ಟ್ಯಾಂಕರಿಗಾಗಿ ಜನ ಕಾದು ನಿಂತರು. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜಾರಿ ರಸ್ತೆಗಳೇ ಇಲ್ಲವಾದಾಗ, 2019ರ ಆಗಸ್ಟಿನಲ್ಲಿ ಕೃಷ್ಣೆ, ಮಲಪ್ರಭೆ, ಘಟಪ್ರಭೆ ಒಟ್ಟಿಗೇ ಉಕ್ಕಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಊರುಗಳನ್ನು ಸುತ್ತುವರಿದಾಗ ಆದದ್ದೂ ಇದೇ. ನೀರು ಹೆಚ್ಚಾದರೂ ಕುಡಿಯುವ ನೀರಿಗೆ ಕಷ್ಟ, ಕಡಿಮೆಯಾದರೂ ಕಷ್ಟ.

ಇಂಥ ಹೊತ್ತಿನಲ್ಲಿ ಸಹಾಯ ಬಂದೇ ಬರುತ್ತದೆ. ಆದರೆ ಮರ ಕಡಿದು ದಾರಿ ಬಿಡಿಸಿ, ಕಂಬ ನಿಲ್ಲಿಸಿ, ಟ್ಯಾಂಕರ್ ತಿರುಗಿಸಿ ನಮ್ಮ ಬಾಗಿಲಿಗೆ ಬರಲು ಒಂದೆರಡು ದಿನ, ಕೆಲವೊಮ್ಮೆ ಮೂರು ದಿನ ಹಿಡಿಯುತ್ತದೆ. ಆ ಮೂರು ದಿನವನ್ನು ಮನೆ ತನ್ನ ಕಾಲ ಮೇಲೆ ತಾನು ನಿಂತು ಕಳೆಯುವುದು ಹೇಗೆ ಎಂಬುದಷ್ಟೇ ಈ ಹೊತ್ತಿನ ನನ್ನ ಮಾತು. ಕೆಲವು ಲೆಕ್ಕಗಳನ್ನು ಹೇಳುತ್ತೇನೆ. ಪೆನ್ನು, ಹಾಳೆ ಹತ್ತಿರ ಇದ್ದರೆ ಒಳ್ಳೆಯದು.

ಮೊದಲು ನೀರಿನ ಲೆಕ್ಕ. ವಿಪತ್ತಿನ ಪರಿಹಾರ ಕಾರ್ಯಕ್ಕೆ ಜಗತ್ತಿನಾದ್ಯಂತ ಬಳಸುವ ಅಳತೆಯ ಪ್ರಕಾರ ಒಬ್ಬ ಮನುಷ್ಯನಿಗೆ ಕುಡಿಯಲು ಮತ್ತು ಆಹಾರದ ಮೂಲಕ ದಿನಕ್ಕೆ ಎರಡೂವರೆಯಿಂದ ಮೂರು ಲೀಟರ್ ನೀರು ಬೇಕು. ಅಡುಗೆ, ಕೈಬಾಯಿ ತೊಳೆಯುವುದು ಎಲ್ಲ ಸೇರಿ ತೀರಾ ಕನಿಷ್ಠ ಎಂದರೆ ಏಳೂವರೆ ಲೀಟರ್. ನಾಲ್ಕು ಜನರ ಮನೆಗೆ ಮೂರು ದಿನಕ್ಕೆ ಇದು 90 ಲೀಟರ್ ಆಯಿತು. ಅದರಲ್ಲಿ ಕುಡಿಯುವುದಕ್ಕೇ ಎತ್ತಿಡಬೇಕಾದದ್ದು 36 ಲೀಟರ್, ಅಂದರೆ 20 ಲೀಟರಿನ ಎರಡು ಕ್ಯಾನು. ಉಳಿದದ್ದು ಬಿಂದಿಗೆ, ಕೊಡ, ಬಚ್ಚಲ ಹಂಡೆಗಳಲ್ಲಿ ನಿಲ್ಲುತ್ತದೆ. ಮನೆಯಲ್ಲಿ ಬಾಣಂತಿ, ಜ್ವರದವರು, ಹಸುಗೂಸು ಇದ್ದರೆ ಇನ್ನಷ್ಟು ಸೇರಿಸಿಕೊಳ್ಳಿ. ಗೀಸರ್ ಇರುವ ಮನೆಯವರು ಒಂದು ಮಾತು ನೆನಪಿಡಿ: ಅದರ ಹೊಟ್ಟೆಯಲ್ಲಿ ಯಾವಾಗಲೂ ಹತ್ತಿಪ್ಪತ್ತು ಲೀಟರ್ ನೀರು ಇರುತ್ತದೆ. ಸ್ವಿಚ್ ಆರಿಸಿ, ತಣಿದ ಮೇಲೆ ಅದನ್ನೂ ಇಳಿಸಿಕೊಳ್ಳಬಹುದು.

ಇದಕ್ಕೆ ಬೇರೆ ಕೋಣೆ ಬೇಕಿಲ್ಲ, ದೊಡ್ಡ ಖರ್ಚೂ ಇಲ್ಲ. ಬೇಕಾದದ್ದು ಸರದಿ. ಎರಡು ಕ್ಯಾನಿನಲ್ಲಿ ಒಂದನ್ನು ಈ ವಾರ ಬಳಸಿ ಖಾಲಿ ಮಾಡಿ, ತೊಳೆದು ತುಂಬಿ ಹಿಂದಕ್ಕೆ ಸರಿಸಿ; ಮುಂದಿನ ವಾರ ಇನ್ನೊಂದು. ಹೀಗೆ ಮಾಡಿದರೆ ಹಳೆಯ ನೀರು ಎಂಬುದೇ ಮನೆಯಲ್ಲಿ ಇರುವುದಿಲ್ಲ. ಮುಚ್ಚಳ ಭದ್ರವಾಗಿರಲಿ, ಬಿಸಿಲು ತಾಗದಿರಲಿ, ಹಿಂದೆ ಕೀಟನಾಶಕ ಅಥವಾ ಸೀಮೆಎಣ್ಣೆ ತುಂಬಿದ್ದ ಡಬ್ಬ ಆಗದಿರಲಿ.

ಪಾತ್ರೆಯ ಬಾಯಿಯ ಬಗ್ಗೆ ಒಂದು ಮಾತು. ನಮ್ಮ ಹಳೆಯ ಕೊಡಗಳ ಕತ್ತು ಕಿರಿದು. ಅದರೊಳಗೆ ಕೈ ಹೋಗುವುದಿಲ್ಲ, ನೀರನ್ನು ಬಗ್ಗಿಸಿಕೊಳ್ಳಬೇಕು. ಈಗ ನಾವು ಅಗಲ ಬಾಯಿಯ ಬಕೆಟ್ಟು, ಡ್ರಮ್ಮುಗಳಿಗೆ ಲೋಟ ಅದ್ದಿ ತೆಗೆಯುತ್ತೇವೆ. ಕುದಿಸಿದ ನೀರಿಗೆ ಮತ್ತೆ ರೋಗಾಣು ಸೇರುವುದು ಹೆಚ್ಚಾಗಿ ಆ ಲೋಟದಿಂದ, ಲೋಟ ಹಿಡಿದ ಬೆರಳಿನಿಂದ. ನಲ್ಲಿ ಇರುವ ಡ್ರಮ್ಮು, ಇಲ್ಲವೇ ಉದ್ದ ಹಿಡಿಯ ಸೌಟು ಇಟ್ಟುಕೊಂಡರೆ ಅರ್ಧ ಶುದ್ಧೀಕರಣ ಅಲ್ಲೇ ಮುಗಿಯಿತು. ತಾಮ್ರದ ಬಿಂದಿಗೆ ಇದ್ದರೆ ಅಟ್ಟದಿಂದ ಇಳಿಸಿ. ಬೆಂಗಳೂರಿನ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ತಾಮ್ರದ ಪಾತ್ರೆಯಲ್ಲಿ 16 ಗಂಟೆ ನಿಂತ ನೀರಿನಲ್ಲಿ ವಾಂತಿಭೇದಿ ತರುವ ಹಲವು ಬ್ಯಾಕ್ಟೀರಿಯಾಗಳು ಸತ್ತಿದ್ದವು. ಆದರೆ ಹೊಳೆಯ ಕೆಸರುನೀರನ್ನು ತಾಮ್ರಕ್ಕೆ ಸುರಿದು ಬೆಳಗಾಗುವುದನ್ನು ಕಾಯುವಂತಿಲ್ಲ. ಶುದ್ಧಮಾಡಿದ ನೀರನ್ನು ಇಡಲು ಅದು ಒಳ್ಳೆಯ ಪಾತ್ರೆ, ಅಷ್ಟೇ.

ಈಗ ಎತ್ತಿಟ್ಟದ್ದು ಮುಗಿಯಿತು, ಸಿಕ್ಕ ನೀರನ್ನೇ ಕುಡಿಯಬೇಕಾಗಿದೆ ಎಂದುಕೊಳ್ಳಿ. ಮಾಡಬೇಕಾದ ಕೆಲಸ ಎರಡು. ಮೊದಲು ತಿಳಿಮಾಡಬೇಕು, ಆಮೇಲೆ ರೋಗಾಣು ಕೊಲ್ಲಬೇಕು. ಈ ಕ್ರಮ ತಪ್ಪಬಾರದು, ಏಕೆಂದರೆ ಕೆಸರಿನ ಕಣಗಳ ಮರೆಯಲ್ಲಿ ರೋಗಾಣು ಅಡಗಿರುತ್ತದೆ, ಹಾಕಿದ ಔಷಧಿಯನ್ನೂ ಕೆಸರೇ ತಿಂದುಹಾಕುತ್ತದೆ.

ತಿಳಿಮಾಡಲು ನೀರನ್ನು ಅಲುಗಿಸದೆ ರಾತ್ರಿಯಿಡೀ ಬಿಡಿ. ಪಟಿಕದ ತುಂಡನ್ನು ನೀರಿನಲ್ಲಿ ಕೆಲವು ಸುತ್ತು ತಿರುಗಿಸಿದರೆ ಕೆಸರು ಗಂಟುಕಟ್ಟಿ ಬೇಗ ತಳ ಸೇರುತ್ತದೆ. ಚಿಲ್ಲದ ಬೀಜವನ್ನು ತೇಯ್ದು ಹಾಕುವುದು ನಮ್ಮಲ್ಲಿ ಬಹಳ ಹಿಂದಿನ ರೂಢಿ. ಒಣಗಿದ ನುಗ್ಗೆ ಬೀಜದ ಪುಡಿಯೂ ಅದೇ ಕೆಲಸ ಮಾಡುತ್ತದೆ. ಮೇಲಿನ ತಿಳಿಯನ್ನು ಬಟ್ಟೆಯಲ್ಲಿ ಸೋಸಿಕೊಳ್ಳಿ.

ಬಟ್ಟೆಯಲ್ಲಿ ಸೋಸುವುದನ್ನು ಹಗುರವಾಗಿ ಕಾಣಬೇಡಿ. ನಾರುಹುಣ್ಣು ಎಂಬ ರೋಗದ ಹೆಸರನ್ನು ಹಿರಿಯರು ಕೇಳಿರುತ್ತಾರೆ. ಮೆಟ್ಟಿಲು ಬಾವಿಗೆ ಇಳಿದು ನೀರು ತುಂಬುತ್ತಿದ್ದ ಊರುಗಳಲ್ಲಿ ಅದು ಸಾಮಾನ್ಯವಾಗಿತ್ತು. ರೋಗಿಯ ಕಾಲಿನಿಂದ ಹೊರಟ ಹುಳುವಿನ ಮರಿಗಳು ನೀರಿನ ಸಣ್ಣ ಕೀಟಗಳ ಹೊಟ್ಟೆ ಸೇರಿ, ಆ ನೀರು ಕುಡಿದವರ ಮೈಯೊಳಗೆ ಗೇಣುಗಟ್ಟಲೆ ಉದ್ದ ಬೆಳೆಯುತ್ತಿದ್ದವು. ನಮ್ಮ ರಾಜ್ಯವೂ ಅದರಿಂದ ನರಳಿದೆ. ಅದಕ್ಕೆ ಲಸಿಕೆಯೂ ಇರಲಿಲ್ಲ, ಗುಣಪಡಿಸುವ ಔಷಧಿಯೂ ಇರಲಿಲ್ಲ. ಮೆಟ್ಟಿಲು ಬಾವಿಗಳನ್ನು ಬದಲಿಸಿ, ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವುದನ್ನು ಮನೆಮನೆಗೆ ಕಲಿಸಿಯೇ ಅದನ್ನು ಓಡಿಸಿದ್ದು. 2000ದ ಫೆಬ್ರವರಿಯಲ್ಲಿ ಭಾರತ ನಾರುಹುಣ್ಣಿನಿಂದ ಮುಕ್ತ ಎಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು. ಬಾಂಗ್ಲಾದೇಶದ ಮತ್ಲಬ್ ಪ್ರದೇಶದ ಹಳ್ಳಿಗಳಲ್ಲಿ ರೀಟಾ ಕೋಲ್ವೆಲ್ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು ಹಳೆಯ ಸೀರೆಯನ್ನು ಮಡಿಸಿ ನೀರು ಸೋಸುವುದನ್ನು ಕಲಿಸಿದಾಗ ಕಾಲರಾ ಸುಮಾರು ಅರ್ಧಕ್ಕೆ ಇಳಿಯಿತು; 2003ರಲ್ಲಿ ಇದು ಪ್ರಕಟವಾಯಿತು. ಕಾಲರಾದ ರೋಗಾಣು ನೀರಿನ ಸಣ್ಣ ಕೀಟಗಳಿಗೆ ಅಂಟಿಕೊಂಡು ಬರುವುದರಿಂದ ಕೀಟದ ಜೊತೆ ಅದೂ ಬಟ್ಟೆಯಲ್ಲಿ ಉಳಿಯುತ್ತದೆ. ಹೊಸ ಸೀರೆಗಿಂತ ಹಳೆಯದೇ ವಾಸಿ: ಒಗೆದು ಒಗೆದು ನೂಲು ಉಬ್ಬಿ ರಂಧ್ರಗಳು ಕಿರಿದಾಗಿರುತ್ತವೆ. ಕಡಿಮೆಯೆಂದರೂ ನಾಲ್ಕು ಪದರ ಇರಲಿ. ಸೋಸಿದ ಮೇಲೆ ಬಟ್ಟೆಯನ್ನು ಒಗೆದು ಬಿಸಿಲಿಗೆ ಹಾಕಿ.

ಸೋಸಿದ ನೀರು ಕಣ್ಣಿಗೆ ತಿಳಿಯಾಗಿದೆ, ಅಷ್ಟಕ್ಕೇ ಕುಡಿಯಬೇಡಿ. ರೋಗಾಣು ಕೊಲ್ಲುವ ಕೆಲಸ ಇನ್ನೂ ಬಾಕಿ. ಎಲ್ಲಕ್ಕಿಂತ ನಂಬಿಕೆಯ ದಾರಿ ಕುದಿಸುವುದು. ಹತ್ತು ನಿಮಿಷ, ಇಪ್ಪತ್ತು ನಿಮಿಷ ಕುದಿಸಬೇಕು ಎಂದು ಎಷ್ಟೋ ಮನೆಗಳಲ್ಲಿ ಗ್ಯಾಸು ಸುಡುತ್ತಾರೆ. ನೀರು ಕೊತಕೊತ ಕುದಿಯಲು ತೊಡಗಿದ ಮೇಲೆ ಒಂದು ನಿಮಿಷ ಸಾಕು. ಎರಡು ಸಾವಿರ ಮೀಟರಿಗಿಂತ ಎತ್ತರದ ಬೆಟ್ಟದ ಊರುಗಳಲ್ಲಿ ನೀರು ಕಡಿಮೆ ಶಾಖಕ್ಕೇ ಕುದಿಯುವುದರಿಂದ ಮೂರು ನಿಮಿಷ ಎನ್ನುತ್ತಾರೆ. ನಮ್ಮ ಮುಳ್ಳಯ್ಯನಗಿರಿಯ ತುದಿಯೂ ಅಷ್ಟು ಎತ್ತರವಿಲ್ಲ. ಸೌದೆ ಒದ್ದೆ, ಸಿಲಿಂಡರ್ ಬರುವುದು ಯಾವಾಗಲೋ ಎನ್ನುವಾಗ ಈ ಉಳಿತಾಯ ದೊಡ್ಡದು. ಕುದಿಸಿದ ಪಾತ್ರೆಯಲ್ಲೇ ಮುಚ್ಚಿ ಆರಿಸಿ.

ಕುದಿಸಲಾಗದಿದ್ದರೆ ಕ್ಲೋರಿನ್. ನೆರೆ ಬಂದಾಗ ಆರೋಗ್ಯ ಇಲಾಖೆಯವರು, ಆಶಾ ಕಾರ್ಯಕರ್ತೆಯರು ಕ್ಲೋರಿನ್ ಮಾತ್ರೆ ಹಂಚುತ್ತಾರೆ. ಇದರಲ್ಲಿ ಒಂದು ಲೀಟರಿಗೆ ಹಾಕುವ ಮಾತ್ರೆಯೂ ಇದೆ, 20 ಲೀಟರಿಗೆ ಹಾಕುವ ಮಾತ್ರೆಯೂ ಇದೆ. ಕೈಗೆ ಬಂದದ್ದು ಯಾವುದು ಎಂದು ಪೊಟ್ಟಣ ಓದಿ, ಓದಲಾಗದಿದ್ದರೆ ಕೊಟ್ಟವರನ್ನೇ ಕೇಳಿ. ಮಾತ್ರೆ ಕರಗಿ ಅರ್ಧ ಗಂಟೆ ಕಳೆಯಬೇಕು. ಆಮೇಲೂ ನೀರಿನಲ್ಲಿ ಸಣ್ಣ ಕ್ಲೋರಿನ್ ವಾಸನೆ ಉಳಿದಿದ್ದರೆ ಅದು ಒಳ್ಳೆಯ ಗುರುತು. ಔಷಧಿ ಕೆಲಸ ಮುಗಿಸಿ ಇನ್ನೂ ಸ್ವಲ್ಪ ಕಾವಲಿಗೆ ಉಳಿದಿದೆ ಎಂದರ್ಥ. ಕುದಿಸಿದ ನೀರಿಗೆ ಈ ಕಾವಲು ಇಲ್ಲ. ಮಾತ್ರೆಯನ್ನು ಹಾಗೆಯೇ ನುಂಗುವುದಕ್ಕಲ್ಲ ಎಂಬುದನ್ನು ಮಕ್ಕಳಿಗೂ ಹೇಳಿಡಿ.

ಬಾವಿ ಇರುವವರಿಗೆ ಬ್ಲೀಚಿಂಗ್ ಪೌಡರಿನ ಲೆಕ್ಕ. ಬರೆದುಕೊಳ್ಳಿ. ಬಾವಿಯ ಅಡ್ಡಗಲವನ್ನು ಮೀಟರಿನಲ್ಲಿ ಅಳೆದು ಅದನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ನೀರಿನ ಆಳದಿಂದ ಗುಣಿಸಿ, ಅದನ್ನು 785ರಿಂದ ಗುಣಿಸಿ. ಬಾವಿಯಲ್ಲಿ ಎಷ್ಟು ಲೀಟರ್ ನೀರಿದೆ ಎಂಬುದು ಸಿಕ್ಕಿತು. ಎರಡು ಮೀಟರ್ ಅಗಲ, ಮೂರು ಮೀಟರ್ ನೀರಿರುವ ಬಾವಿಯಲ್ಲಿ ಸುಮಾರು 9,400 ಲೀಟರ್ ಇರುತ್ತದೆ. ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರ್ ಎಂದರೆ ಈ ಬಾವಿಗೆ 25 ಗ್ರಾಂ ಸಾಕು. ಪುಡಿಯನ್ನು ಹಾಗೇ ಎರಚಬೇಡಿ. ಬಕೆಟ್ಟಿನಲ್ಲಿ ಸ್ವಲ್ಪ ನೀರು ಹಾಕಿ ಕಲಸಿ, ಮುಕ್ಕಾಲು ಬಕೆಟ್ಟಿನಷ್ಟು ನೀರು ಸೇರಿಸಿ ಕದಡಿ, ಹತ್ತು ನಿಮಿಷ ಬಿಡಿ. ಸುಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಮಾತ್ರ ಇನ್ನೊಂದು ಬಕೆಟ್ಟಿಗೆ ಬಗ್ಗಿಸಿ, ಹಗ್ಗ ಕಟ್ಟಿ ಬಾವಿಗಿಳಿಸಿ, ಮೇಲೆ ಕೆಳಗೆ ಜಗ್ಗಿ ಚೆನ್ನಾಗಿ ಬೆರೆಸಿ. ಒಂದು ಗಂಟೆ ಕಳೆದ ಮೇಲೆ ನೀರು ಸೇದಬಹುದು. ಸಂಜೆ ಹಾಕಿದರೆ ಇನ್ನೂ ಒಳ್ಳೆಯದು. ಇದು ಮಾಮೂಲಿ ದಿನಗಳ ಲೆಕ್ಕ. ನೆರೆಯಲ್ಲಿ ಮುಳುಗಿದ ಬಾವಿಯನ್ನು ಮೊದಲು ಬಗ್ಗಡ ತೆಗೆದು ತೊಳೆಯಬೇಕು, ಪುಡಿಯೂ ಬಹಳ ಹೆಚ್ಚು ಬೇಕು. ಅಲ್ಲಿ ಆರೋಗ್ಯ ಸಿಬ್ಬಂದಿ ಬಂದು ಹೇಳಿದಂತೆ ಮಾಡಿ. ಮುಳುಗಿದ ಸಂಪಿಗೂ ಇದೇ ಮಾತು. ಬ್ಲೀಚಿಂಗ್ ಪೌಡರ್ ಗಾಳಿ, ತೇವ ತಾಗಿದರೆ ಸತ್ವ ಕಳೆದುಕೊಳ್ಳುತ್ತದೆ. ವರ್ಷದ ಹಿಂದೆ ಬಾಯಿ ಬಿಚ್ಚಿ ಮೂಲೆಗಿಟ್ಟ ಚೀಲವನ್ನು ನಂಬಬೇಡಿ.

ಬೇಸಗೆಯ ಬರದಲ್ಲಿ ಬಯಲುಸೀಮೆಯವರಿಗೆ ಇನ್ನೊಂದು ಉಪಾಯವಿದೆ: ಬಿಸಿಲು. ಎರಡು ಲೀಟರಿನೊಳಗಿನ, ಬಣ್ಣವಿಲ್ಲದ ಪ್ಲಾಸ್ಟಿಕ್ ಬಾಟಲಿಗೆ ತಿಳಿನೀರು ತುಂಬಿ, ಮುಚ್ಚಳ ಹಾಕಿ, ತಗಡಿನ ಮೇಲೆ ಆರು ಗಂಟೆ ಮಲಗಿಸಿ. ಬಿಸಿಲಿನ ಕಣ್ಣಿಗೆ ಕಾಣದ ಕಿರಣಗಳೇ ರೋಗಾಣುಗಳನ್ನು ಕೊಲ್ಲುತ್ತವೆ. ಬೈರೂತಿನ ವಿಜ್ಞಾನಿಗಳು 1980ರ ಸುಮಾರಿಗೆ ತೋರಿಸಿಕೊಟ್ಟ ದಾರಿ ಇದು. ಅರ್ಧಕ್ಕಿಂತ ಹೆಚ್ಚು ಮೋಡವಿದ್ದರೆ ಎರಡು ದಿನ ಇಡಬೇಕು. ರಾಯಚೂರಿಗೆ ಇದು ಹೇಳಿ ಮಾಡಿಸಿದ ದಾರಿ, ಆಗುಂಬೆಯ ಆಷಾಢಕ್ಕಲ್ಲ. ಆಗುಂಬೆಯವರಿಗೆ ಮಳೆಯ ನೀರೇ ಇದೆ. ಮೊದಲ ಮಳೆಯಲ್ಲಿ ಮಾಡು ತೊಳೆದುಹೋದ ಮೇಲೆ ಹಿಡಿದು, ಸೋಸಿ, ಕುದಿಸಿದರೆ ನೆರೆಯ ದಿನಗಳಲ್ಲಿ ಅದಕ್ಕಿಂತ ಒಳ್ಳೆಯ ನೀರು ಸಿಗಲಾರದು.

ಒಂದು ಎಚ್ಚರಿಕೆ. ಈವರೆಗೆ ಹೇಳಿದ್ದೆಲ್ಲ ರೋಗಾಣುಗಳ ಮಾತು. ಪಾವಗಡ, ಕೋಲಾರ, ಗದಗ, ಕೊಪ್ಪಳದ ಕಡೆಯ ಕೊಳವೆಬಾವಿಗಳ ಫ್ಲೋರೈಡ್ ಕುದಿಸಿದರೆ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಗಟ್ಟಿಯಾಗುತ್ತದೆ. ಅದನ್ನು ತೆಗೆಯುವ ಆರ್‌ಒ ಯಂತ್ರಕ್ಕೂ, ಊರಿನ ಶುದ್ಧ ನೀರಿನ ಘಟಕಕ್ಕೂ ಕರೆಂಟು ಬೇಕು. ಅಂಥ ಊರುಗಳಲ್ಲಿ ಘಟಕದ ನೀರನ್ನು ಮುಂಚೆಯೇ ಎತ್ತಿಡುವುದು ಇನ್ನೂ ಅಗತ್ಯ. ಡೀಸೆಲ್, ಸೀಮೆಎಣ್ಣೆ, ಕೀಟನಾಶಕದ ವಾಸನೆ ಬರುವ ನೀರನ್ನು ಮನೆಯಲ್ಲಿ ಯಾವ ಉಪಾಯದಿಂದಲೂ ಕುಡಿಯುವಂತೆ ಮಾಡಲಾಗದು. ಚೆಲ್ಲಿಬಿಡಿ.

ಇನ್ನು ಊಟದ ಮಾತು. ಕೂಡಿಡುವ ವಿದ್ಯೆಯನ್ನು ನಾವು ಹೊರಗಿನಿಂದ ಕಲಿಯಬೇಕಾಗಿಲ್ಲ. ಬಯಲುಸೀಮೆಯವರು ನೆಲದಡಿ ಹಗೇವು ತೋಡಿ, ಸುತ್ತ ಹುಲ್ಲು ಹೊಟ್ಟು ಹೊದಿಸಿ, ಜೋಳ ರಾಗಿ ತುಂಬಿ ಬಾಯಿಗೆ ಮಣ್ಣು ಮೆತ್ತುತ್ತಿದ್ದರು. ಒಳಗೆ ಕಾಳು ಉಸಿರಾಡಿ ಆಮ್ಲಜನಕ ತೀರಿಹೋಗಿ ಹುಳು ಬದುಕುತ್ತಿರಲಿಲ್ಲ. ಆ ಗಾಳಿಗೆ ಮನುಷ್ಯನೂ ಬದುಕುವುದಿಲ್ಲ. ಅದಕ್ಕೇ ಹಗೇವು ತೆರೆದವರು ಮೊದಲು ದೀಪ ಇಳಿಸಿ, ಅದು ಉರಿದರೆ ಮಾತ್ರ ಒಳಗಿಳಿಯುತ್ತಿದ್ದರು. ಮಲೆನಾಡು, ಕರಾವಳಿಗಳಲ್ಲಿ ಮಳೆಗಾಲದ ನಾಲ್ಕು ತಿಂಗಳಿಗೆಂದು ಬೇಸಗೆಯಲ್ಲೇ ಹಪ್ಪಳ, ಸಂಡಿಗೆ, ಮಿಡಿ ಉಪ್ಪಿನಕಾಯಿ, ಉಪ್ಪಿನಲ್ಲಿಟ್ಟ ಹಲಸಿನ ಸೊಳೆ ಸಿದ್ಧವಾಗುತ್ತಿದ್ದವು. ಅಟ್ಟದ ತೊಲೆಗೆ ಬಾಳೆನಾರಿನಲ್ಲಿ ಕಟ್ಟಿದ ಸೌತೆಕಾಯಿಗಳು ತೂಗುತ್ತಿದ್ದವು. ಹಾಗೆಂದು ಹಳೆಯ ಕಾಲ ಸುಖದ ಕಾಲವಾಗಿರಲಿಲ್ಲ. ಧಾತು, ಈಶ್ವರ ಸಂವತ್ಸರಗಳ ಬರದಲ್ಲಿ, ಅಂದರೆ 1876ರಿಂದ 78ರವರೆಗೆ, ಹಗೇವುಗಳೂ ಬರಿದಾಗಿ ಮೈಸೂರು ಸೀಮೆಯಲ್ಲಿ ಲಕ್ಷಾಂತರ ಜನ ಸತ್ತರು. ಅಷ್ಟು ದೊಡ್ಡ ಬರವನ್ನು ಎದುರಿಸುವುದು ಸರಕಾರದ ಕೆಲಸ. ಮೂರು ದಿನ, ಒಂದು ವಾರವನ್ನು ಎದುರಿಸುವುದು ಮನೆಯ ಕೈಲಿದೆ.

ಏನು ಇಡಬೇಕು? ಕಾಳು ವರ್ಷಗಟ್ಟಲೆ ಉಳಿಯುತ್ತದೆ, ಹಿಟ್ಟು ಉಳಿಯುವುದಿಲ್ಲ. ಆದರೆ ಕರೆಂಟು ಹೋದ ಊರಲ್ಲಿ ಗಿರಣಿ ತಿರುಗುವುದಿಲ್ಲ, ಒಲೆಯೂ ಹೊತ್ತದಿರಬಹುದು. ಆದ್ದರಿಂದ ಬೇಯಿಸದೆ ತಿನ್ನುವಂಥದ್ದು ಮೂರು ದಿನಕ್ಕೆ ಇರಲಿ: ಅವಲಕ್ಕಿ, ಚುರುಮುರಿ, ರಾಗಿ ಹುರಿಹಿಟ್ಟು, ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಹುರಿಗಡಲೆ, ಬೆಲ್ಲ. ಹುರಿಹಿಟ್ಟಿಗೆ ಬೆಲ್ಲ, ಶುದ್ಧ ನೀರು ಸೇರಿದರೆ ಊಟವಾಯಿತು. ಮೈಸೂರಿನಲ್ಲಿ 1950ರಲ್ಲಿ ಆರಂಭವಾದ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾಲಯ, ಸಿಎಫ್‌ಟಿಆರ್‌ಐ, 2018ರಲ್ಲಿ ಕೇರಳ ಮತ್ತು ಕೊಡಗಿನ ಸಂತ್ರಸ್ತರಿಗೆ ಸಿದ್ಧ ಆಹಾರದ ಪೊಟ್ಟಣಗಳನ್ನು ಕಳಿಸಿತು. ಅವುಗಳಲ್ಲಿ ಚಪಾತಿಯೂ ಅವಲಕ್ಕಿಯ ತಿನಿಸೂ ಇದ್ದವು. ವಿಜ್ಞಾನಿಗಳು ಆರಿಸಿಕೊಂಡದ್ದೂ ಜನರ ನಾಲಿಗೆಗೆ ಪರಿಚಯವಿರುವ ಆಹಾರವನ್ನೇ. ಕಷ್ಟದ ದಿನ ಮಕ್ಕಳ ಬಾಯಿಗೆ ಹೊಸ ರುಚಿ ಇಳಿಯುವುದಿಲ್ಲ. ನಿಮ್ಮ ಮನೆ ತಿನ್ನುವುದನ್ನೇ ಎರಡು ಪಾಲು ಹೆಚ್ಚು ಇಡಿ, ಹಳೆಯದನ್ನು ಮುಂದೆ ಹೊಸದನ್ನು ಹಿಂದೆ ಇಟ್ಟು ಬಳಸುತ್ತ ಹೋಗಿ.

ಕಾಳನ್ನು ಬಿಸಿಲಿಗೆ ಹಾಕಿ, ಪೂರ್ತಿ ತಣಿದ ಮೇಲೆ ಡಬ್ಬಿಗೆ ತುಂಬಿ. ಬೆಚ್ಚಗಿರುವಾಗಲೇ ಮುಚ್ಚಿದರೆ ಒಳಗೆ ಬೆವರು ಹಿಡಿದು ಬೂಷ್ಟು ಬರುತ್ತದೆ. ಬೇಳೆಗೆ ಹರಳೆಣ್ಣೆಯ ತೆಳು ಲೇಪ, ಕಾಳಿಗೆ ಒಣಗಿದ ಬೇವಿನೆಲೆ ಹಾಕುವ ಹಿರಿಯರ ರೂಢಿ ಈಗಲೂ ನಡೆಯುತ್ತದೆ. ನೆರೆಯ ಸಾಧ್ಯತೆ ಇರುವ ಊರಿನವರು ಎಲ್ಲವನ್ನೂ ನೆಲದಿಂದ ಎತ್ತರಕ್ಕೆ, ಗಟ್ಟಿ ಮುಚ್ಚಳದ ಡಬ್ಬಿಗಳಲ್ಲಿ ಇಡಬೇಕು.

ನೆರೆನೀರು ತಾಗಿದ ಧಾನ್ಯದ ವಿಷಯದಲ್ಲಿ ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು. ಚರಂಡಿ ಬೆರೆತ ನೀರಲ್ಲಿ ನೆನೆದ ಅಕ್ಕಿಯನ್ನು ಒಣಗಿಸಿ ಬಳಸುವಂತಿಲ್ಲ. ಬೂಷ್ಟು ಹಿಡಿದ ಶೇಂಗಾ, ಮೆಕ್ಕೆಜೋಳದಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಸೇರುತ್ತದೆ. ತೊಳೆದರೂ ಬೇಯಿಸಿದರೂ ಅದು ಹೋಗುವುದಿಲ್ಲ. 1974ರಲ್ಲಿ ರಾಜಸ್ಥಾನ, ಗುಜರಾತಿನ ಹಳ್ಳಿಗಳಲ್ಲಿ ಮಳೆಗೆ ನೆನೆದು ಬೂಷ್ಟು ಬಂದ ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಜನ ಸತ್ತರು. ಫ್ರಿಜ್ಜು ಬಾಗಿಲು ತೆರೆಯದಿದ್ದರೆ ಕರೆಂಟಿಲ್ಲದೆ ನಾಲ್ಕು ಗಂಟೆ ತಂಪಾಗಿರುತ್ತದೆ. ಆಮೇಲೆ ಹಾಲು, ಮಾಂಸ, ಮಾಡಿದ ಅಡುಗೆ ನಂಬಿಕೆಗೆ ಅರ್ಹವಲ್ಲ. ಎದೆಹಾಲು ಕುಡಿಯುವ ಕೂಸಿಗೆ ತಾಯಿಯ ಹಾಲನ್ನೇ ಮುಂದುವರಿಸಿ. ಆ ತಾಯಿಗೆ ಮೊದಲು ಬಡಿಸಿ.

ಮನೆಯಲ್ಲಿ ನಾಲ್ಕು ಪೊಟ್ಟಣ ಓಆರ್‌ಎಸ್ ಇರಲಿ. ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಸಮತಟ್ಟಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಅಳತೆ ಮೀರಬೇಡಿ. ಭೇದಿಯಾದ ಮಗುವಿಗೆ ಇದನ್ನು ಗುಟುಕು ಗುಟುಕಾಗಿ ಕುಡಿಸುತ್ತ ಆಸ್ಪತ್ರೆಗೆ ದಾರಿ ನೋಡಿ. ಬ್ಯಾಟರಿ ಹಾಕುವ ರೇಡಿಯೊ ಒಂದಿದ್ದರೆ, ಮೊಬೈಲು ಸತ್ತ ಮೇಲೂ ಹೊರಗಿನ ಸುದ್ದಿ ಸಿಗುತ್ತದೆ.

ಇಷ್ಟನ್ನು ಕೇಳಿ, ಇದೆಲ್ಲ ದಾಸ್ತಾನು ಮಾಡುವವರ ಬುದ್ಧಿ ಅಲ್ಲವೇ ಎಂದು ಯಾರಾದರೂ ಕೇಳಬಹುದು. 2020ರ ಮಾರ್ಚ್ 24ರ ರಾತ್ರಿ ಲಾಕ್‌ಡೌನ್ ಘೋಷಣೆಯಾದ ಕೂಡಲೇ ಅಂಗಡಿಗಳ ಮುಂದೆ ಏನಾಯಿತೆಂದು ನೆನೆಯಿರಿ. ಕೈಲಿ ಕಾಸಿದ್ದವರು ಚೀಲಗಟ್ಟಲೆ ಹೊತ್ತರು, ಅಂದಂದಿನ ಕೂಲಿಯಲ್ಲಿ ಅಂದಂದಿನ ಅಕ್ಕಿ ಕೊಳ್ಳುವವರಿಗೆ ಏನೂ ಉಳಿಯಲಿಲ್ಲ. ಭಯದಲ್ಲಿ ಬಾಚಿಕೊಂಡಾಗ ಇನ್ನೊಬ್ಬರ ಪಾಲು ಹೋಗುತ್ತದೆ. ಅಂಗಡಿ ತುಂಬಿರುವ ದಿನಗಳಲ್ಲಿ ವಾರಕ್ಕೆ ಒಂದು ಸೇರಿನಂತೆ ಎತ್ತಿಟ್ಟರೆ ಯಾರ ಪಾಲೂ ಹೋಗುವುದಿಲ್ಲ. ಇನ್ನೂ ಒಂದಿದೆ. ನೆರೆಯ ದಿನ ಊರಿಗೆ ಬರುವ ಟ್ಯಾಂಕರ್ ಒಂದು, ಊಟದ ವಾಹನ ಒಂದು. ಮನೆಯಲ್ಲಿ ಮೂರು ದಿನಕ್ಕೆ ಇದ್ದವರು ಅಂದು ಸಾಲಿನಲ್ಲಿ ನಿಲ್ಲದಿದ್ದರೆ, ಗೋಡೆಯೇ ಬಿದ್ದು ಏನೂ ಉಳಿಯದವರಿಗೆ ಆ ಸಾಲು ಚಿಕ್ಕದಾಗುತ್ತದೆ. ಅಂದಂದಿಗೆ ತಂದು ಅಂದಂದಿಗೆ ಬೇಯಿಸುವ ಮನೆ ನಿಮ್ಮ ಬೀದಿಯಲ್ಲೂ ಇದ್ದೀತು. ಎತ್ತಿಡುವಾಗ ಅವರ ಲೆಕ್ಕವನ್ನೂ ಒಂದು ಪಾಲು ಸೇರಿಸಿಕೊಳ್ಳಿ.